ರೋಡ್ ಬೈಕಿಗೆ ಬಂದವರು ಮೊದಲು ಕೊಳ್ಳಬೇಕಾದ್ದು ಜೆರ್ಸಿ ಅಲ್ಲ

ಮಾನ್ಯ ಸಂಪಾದಕರೇ,

ಬೀದರ್‌ನಿಂದ ಹುಮನಾಬಾದ್ ಕಡೆ, ಭಾಲ್ಕಿ ಕಡೆ ಬೆಳಿಗ್ಗೆ ಹೊತ್ತು ಹೋಗುವವರು ಗಮನಿಸಿರಬಹುದು, ಸಣ್ಣ ಟೈರಿನ ರೋಡ್ ಬೈಕ್‌ಗಳು ಈಗೀಗ ಜಾಸ್ತಿಯಾಗಿವೆ. 2020ರ ಕೊರೊನಾ ಹೊತ್ತಿನಲ್ಲಿ ಎಷ್ಟೋ ಮನೆಗಳಿಗೆ ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟೇನ್ ಬೈಕ್, ಬಂದವು. ಕೆಲವು ಮೆಟ್ಟಿಲ ಕೆಳಗೆ ಸೇರಿದವು. ಕೆಲವರು ಮಾತ್ರ ಬಿಡಲಿಲ್ಲ. ಅಷ್ಟೂರಿನ ಕಡೆಯ ಕೆಂಪು ಮಣ್ಣಿನ ಹಾದಿ, ಹೊನ್ನಿಕೇರಿಯ ಕಾಡಂಚು ಎಲ್ಲಾ ಸುತ್ತಿ, ಇನ್ನೂ ದೂರ ಹೋಗೋಣ, ಇನ್ನೂ ಜೋರಾಗಿ ಹೋಗೋಣ ಅಂತ ಡಾಂಬರು ರಸ್ತೆಗೆ ಬಂದಿದ್ದಾರೆ. ಬಹಳ ಒಳ್ಳೆಯದು. ಆದರೆ ಸೈಕಲ್ ಜೊತೆ ಅವರು ಕೊಳ್ಳುತ್ತಿರುವ ಸಾಮಾನು ನೋಡಿದರೆ ಬೇಜಾರಾಗುತ್ತದೆ. ಯೂಟ್ಯೂಬ್ ನೋಡಿ ವಿದೇಶಿ ತಂಡದ ಹೆಸರಿರುವ ಜೆರ್ಸಿ ತರಿಸುತ್ತಾರೆ, ಸೈಕಲ್ಲಿಗೆ ಹಿಂದಿನ ದೀಪವೇ ಇರುವುದಿಲ್ಲ. ಕಾರ್ಬನ್ ಅಟ್ಟೆಯ ಶೂ ಹಾಕಿರುತ್ತಾರೆ, ಪ್ಯಾಂಟಿನ ಒಳಗೆ ಅದೇ ಕಾಟನ್ ಒಳಚಡ್ಡಿ. ಆಮೇಲೆ ತೊಡೆಸಂದಿ ಕಿತ್ತುಹೋಗಿ, 'ರೋಡ್ ಬೈಕ್ ನಮಗಲ್ಲ ಬಿಡ್ರಿ, ಕೂಡಲಿಕ್ಕೇ ಆಗಲ್ಲ' ಅಂತ ಸೈಕಲ್ ಮಾರಲು ಹಾಕುತ್ತಾರೆ.

ಸೈಕಲ್ಲಿನ ತಪ್ಪಲ್ಲ ಅದು. ದುಡ್ಡು ಹಾಕಿದ ಜಾಗ ತಪ್ಪು. ಮೈ ಸೈಕಲ್ಲಿಗೆ ತಾಗುವುದು ಮೂರೇ ಕಡೆ: ಕೂರುವ ಜಾಗ, ಅಂಗೈ, ಪಾದ. ಮೊದಲು ಅವನ್ನು ನೋಡಿಕೊಳ್ಳಿ. ಜೊತೆಗೆ ಹಿಂದೆ ಬರುವ ಗಾಡಿಯವನಿಗೆ ನೀವು ಕಾಣಬೇಕು. ಉಳಿದದ್ದೆಲ್ಲ ಆಮೇಲೆ, ಕೈಯಲ್ಲಿ ದುಡ್ಡು ಮಿಕ್ಕಿದರೆ.

ಎಂಟಿಬಿ ಬಟ್ಟೆ ಸಡಿಲ ಇರುವುದಕ್ಕೆ ಕಾರಣ ಇದೆ. ಕಲ್ಲು, ಗುಂಡಿ, ಇಳಿಜಾರು ಬಂದಾಗ ಸವಾರ ಏಳುತ್ತಾನೆ, ಹಿಂದಕ್ಕೆ ಸರಿಯುತ್ತಾನೆ, ಮೊಣಕಾಲು ಅಗಲಿಸುತ್ತಾನೆ. ಜಾಲಿ ಮುಳ್ಳು ತಾಗುತ್ತದೆ, ಬಿದ್ದರೆ ತರಚುತ್ತದೆ. ಅದಕ್ಕೇ ದಪ್ಪ ಬಟ್ಟೆ, ಪೂರ್ತಿ ಬೆರಳಿನ ಗ್ಲೌಸ್, ಮೊಣಕಾಲಿಗೆ ಪ್ಯಾಡ್. ಅಲ್ಲಿ ಸೀಟಿನ ಮೇಲೆ ಒಂದೇ ಸಮ ಕೂರುವುದು ಕಡಿಮೆ. ರಸ್ತೆಯಲ್ಲಿ ಹಾಗಲ್ಲ. ಬಗ್ಗಿ ಕೂತರೆ ಗಂಟೆಗಟ್ಟಲೆ ಅದೇ ಭಂಗಿ, ಅದೇ ಜಾಗಕ್ಕೆ ಅದೇ ತಿಕ್ಕಾಟ, ಕಾಲು ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ತಿರುಗುತ್ತಲೇ ಇರುತ್ತದೆ. ಮಣ್ಣಿನ ಹಾದಿಯಲ್ಲಿ ಲೆಕ್ಕಕ್ಕೇ ಬರದಿದ್ದ ಒಂದು ಹೊಲಿಗೆ ಇಲ್ಲಿ ಎರಡು ಗಂಟೆಯಲ್ಲಿ ಗಾಯ ಮಾಡುತ್ತದೆ.

ಹಾಗಾಗಿ ಮೊದಲ ಖರೀದಿ ಪ್ಯಾಡ್ ಇರುವ ಶಾರ್ಟ್ಸ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಕೇಳಲು ನಾಚಿಕೆ, ಮನೆಯಲ್ಲಿ ಹೇಳಲು ನಾಚಿಕೆ, ಹೀಗಾಗಿ ಯಾರೂ ಯಾರಿಗೂ ಹೇಳುವುದಿಲ್ಲ. ಇದರೊಳಗೆ ಒಳಚಡ್ಡಿ ಹಾಕಬಾರದು. ಹಾಕಿದರೆ ಪ್ಯಾಡಿನ ಉಪಯೋಗ ಅರ್ಧ ಹೋಯಿತು, ಏಕೆಂದರೆ ತಿಕ್ಕುವುದೇ ಒಳಚಡ್ಡಿಯ ಹೊಲಿಗೆ, ಬೆವರು ಹಿಡಿದುಕೊಳ್ಳುವುದೂ ಅದರ ಕಾಟನ್. ಪ್ಯಾಡ್ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು. ಬೆರಳಲ್ಲಿ ಒತ್ತಿ ನೋಡಿ. ಸ್ಪಂಜಿನ ಹಾಗೆ ಪೂರ್ತಿ ಒಳಗೆ ಹೋದರೆ ಅದು ದೂರಕ್ಕೆ ಬರುವುದಿಲ್ಲ. ತೆಳ್ಳಗಿದ್ದರೂ ಗಟ್ಟಿಯಾಗಿ ಎದುರು ಒತ್ತುವಂಥದ್ದು ಬೇಕು. ಅಳತೆ ಬಿಗಿ ಇರಲಿ. ಸಡಿಲ ಇದ್ದರೆ ಪ್ಯಾಡ್ ಜರುಗುತ್ತದೆ, ಜರುಗಿದರೆ ಅದೇ ಉಜ್ಜುತ್ತದೆ. ಭುಜಕ್ಕೆ ಪಟ್ಟಿ ಇರುವ ಬಿಬ್ ಶಾರ್ಟ್ಸ್ ಇನ್ನೂ ಚೆನ್ನ, ಹೊಟ್ಟೆಗೆ ಎಲಾಸ್ಟಿಕ್ ಒತ್ತುವುದಿಲ್ಲ. ಆದರೆ ಮೂತ್ರಕ್ಕೆ ಹೋಗಬೇಕಾದರೆ ಜೆರ್ಸಿಯನ್ನೂ ಬಿಚ್ಚಬೇಕಾದೀತು, ಹೆಣ್ಣುಮಕ್ಕಳಿಗಂತೂ ದಾರಿಯಲ್ಲಿ ಇದು ದೊಡ್ಡ ತೊಂದರೆ. ಅವರಿಗೆ ಪ್ಯಾಡಿನ ಆಕಾರವೂ ಬೇರೆಯೇ ಬರುತ್ತದೆ. ಗಂಡಸರದ್ದೇ ಸಣ್ಣ ಸೈಜು ಕೊಟ್ಟು ಕಳಿಸುವ ಅಂಗಡಿಯವರ ಮಾತು ಕೇಳಬೇಡಿ.

ಒಂದೇ ಜೊತೆಗಿಂತ ಸಾಧಾರಣ ಬೆಲೆಯ ಎರಡು ಇರಲಿ. ಪ್ರತಿ ಸಲವೂ ಒಗೆಯಲೇಬೇಕು. ಬೆವರು ಆರಿದ ಪ್ಯಾಡನ್ನೇ ಮರುದಿನ ಹಾಕಿಕೊಂಡರೆ ಕುರು ಎದ್ದು ಒಂದು ವಾರ ಮಲಗಬೇಕಾಗುತ್ತದೆ. ಬಟ್ಟೆ ಮೆತ್ತಗಾಗಲಿ ಅಂತ ಕಂಫರ್ಟ್ ಥರದ್ದು ಹಾಕಬೇಡಿ, ಬೆವರು ಎಳೆಯುವ ಗುಣ ಹೋಗುತ್ತದೆ. ಇಷ್ಟೆಲ್ಲ ಆದಮೇಲೂ ನೋವು ನಿಲ್ಲದಿದ್ದರೆ ಸೀಟು ನೋಡಿ. ಜೆಲ್ ತುಂಬಿದ ಅಗಲ ಸೀಟ್ ಕವರ್ ಹಾಕುವವರೇ ಜಾಸ್ತಿ. ಓಣಿಯಲ್ಲಿ ಸುತ್ತುವಾಗ ಅದು ಹಿತ. ದೂರ ಹೋದಾಗ ಕೂರುವ ಎಲುಬು ಅದರಲ್ಲಿ ಹೂತುಹೋಗಿ, ಭಾರ ಸುತ್ತಲಿನ ಮೆತ್ತನೆ ಭಾಗಕ್ಕೆ ಬೀಳುತ್ತದೆ. ಆ ಎರಡು ಎಲುಬಿನ ನಡುವಿನ ಅಂತರಕ್ಕೆ ಹೊಂದುವ ಸೀಟು ಬೇಕು, ಗಟ್ಟಿ ಇದ್ದರೂ ಪರವಾಗಿಲ್ಲ.

ಇನ್ನು ನಾಚಿಕೆಯ ವಿಷಯ. ಮೈಗಂಟಿದ ಚಡ್ಡಿಯಲ್ಲಿ ಹಳ್ಳಿಯ ಚಹಾ ಅಂಗಡಿ ಮುಂದೆ ನಿಂತರೆ 'ಏನೋ ತಮ್ಮಾ, ಚಡ್ಡಿ ಮ್ಯಾಲೆ ಎಲ್ಲಿಗಿ ಹೊಂಟಿ?' ಅಂತ ಯಾವ ಕಾಕಾನಾದರೂ ಕೇಳಿಯೇ ಕೇಳುತ್ತಾನೆ. ಕೇಳಲಿ. ಬಹಳ ಸಂಕೋಚ ಅನಿಸಿದರೆ ಪ್ಯಾಡ್ ಶಾರ್ಟ್ಸ್ ಮೇಲೆ ನಿಮ್ಮ ಹಳೆ ಎಂಟಿಬಿ ಶಾರ್ಟ್ಸನ್ನೇ ಹಾಕಿ, ಅದು ತೆಳ್ಳಗಿದ್ದು ಸೀಟಿನ ಮೂತಿಗೆ ಸಿಕ್ಕಿಕೊಳ್ಳದಿದ್ದರೆ ಸಾಕು. ಗಾಳಿಗೆ ಸ್ವಲ್ಪ ಫಡಫಡ ಅನ್ನುತ್ತದೆ, ಅಷ್ಟೇ. ನಾವೇನು ಪದಕಕ್ಕೆ ಓಡಿಸುತ್ತಿಲ್ಲ ಅಲ್ವಾ? ವಿಜಯಪುರ, ಬಾಗಲಕೋಟೆ ಕಡೆ ಬಹಳ ಹಿಂದಿನಿಂದಲೂ ರಸ್ತೆ ಸೈಕ್ಲಿಂಗ್ ನಡೆದು ಬಂದಿದೆ, ಅಲ್ಲಿನ ಹುಡುಗ ಹುಡುಗಿಯರು ರಾಷ್ಟ್ರ ಮಟ್ಟದಲ್ಲಿ ಗೆದ್ದು ಬರುತ್ತಾರೆ. ಈ ಬಟ್ಟೆ ಅಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ನಮ್ಮಲ್ಲೂ ನೋಡಿ ನೋಡಿ ರೂಢಿಯಾಗುತ್ತದೆ.

ಅಂಗೈಗೆ ಅರ್ಧ ಬೆರಳಿನ ಗ್ಲೌಸ್ ಸಾಕು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈ ಬುಡದಲ್ಲಿ ನರ ಒತ್ತಿಹೋಗುತ್ತಿದೆ ಅಂತ ಅರ್ಥ. ಆ ಜಾಗದಲ್ಲಿ ಪ್ಯಾಡ್ ಇರುವ ಗ್ಲೌಸ್ ತೆಗೆದುಕೊಳ್ಳಿ, ಹ್ಯಾಂಡಲ್ ಮೇಲೆ ಕೈ ಇಡುವ ಜಾಗವನ್ನೂ ಆಗಾಗ ಬದಲಿಸಿ. ರೋಡ್ ಬೈಕಿನ ಬಾಗಿದ ಹ್ಯಾಂಡಲ್ ಇರುವುದೇ ಅದಕ್ಕೆ.

ಪಾದದ ವಿಷಯದಲ್ಲಿ ದುಡ್ಡು ಉಳಿಸಬಹುದು. ನಿಮ್ಮ ಎಂಟಿಬಿಯಲ್ಲಿ ಎರಡು ಬೋಲ್ಟಿನ ಕ್ಲೀಟ್ (ಶೂವನ್ನು ಪೆಡಲಿಗೆ ಹಿಡಿಸುವ ಕೊಂಡಿ) ಇರುವ ಶೂ, ಅದರ ಪೆಡಲ್ ಇದ್ದರೆ ಅವನ್ನೇ ರೋಡ್ ಬೈಕಿಗೆ ಹಾಕಿ. ಒಳ್ಳೆ ಸೈಕಲ್‌ಗಳ ಪೆಡಲ್ ಮರೆ (ಥ್ರೆಡ್) ಎರಡರಲ್ಲೂ ಒಂದೇ, 9/16 ಇಂಚು. ಎಡಗಡೆ ಪೆಡಲ್ ಮಾತ್ರ ಉಲ್ಟಾ ತಿರುವಬೇಕು, ಮರೆತು ಬಲ ಹಾಕಿದರೆ ಪೆಡಲ್ ಕೂರುವ ಕ್ರ್ಯಾಂಕ್ ತೋಳು ಹಾಳು. ಮೂರು ಬೋಲ್ಟಿನ ರೋಡ್ ಶೂನಲ್ಲಿ ಕ್ಲೀಟ್ ಅಟ್ಟೆಯಿಂದ ಹೊರಗೇ ಚಾಚಿಕೊಂಡಿರುತ್ತದೆ. ನಮ್ಮ ದಾರಿಯಲ್ಲಿ ಧಾಬಾ, ರೈಲ್ವೆ ಗೇಟು, ಅಗೆದು ಬಿಟ್ಟ ರಸ್ತೆ, ಎಲ್ಲ ಕಡೆ ಇಳಿದು ನಡೆಯಬೇಕು. ನುಣುಪು ಫರಸಿ ಮೇಲೆ ಆ ಶೂನಲ್ಲಿ ನಡೆಯುವವರನ್ನು ನೋಡಿದರೆ ಭಯವಾಗುತ್ತದೆ. ಎಂಟಿಬಿ ಶೂನಲ್ಲಿ ಕ್ಲೀಟ್ ಒಳಗೆ ಕೂತಿರುತ್ತದೆ, ಆರಾಮಾಗಿ ನಡೆಯಬಹುದು. ಕ್ಲೀಟೇ ಬೇಡ ಅಂದರೆ ಗಟ್ಟಿ ಅಟ್ಟೆಯ ಮಾಮೂಲಿ ಶೂ, ಚಪ್ಪಟೆ ಪೆಡಲ್ ನಡೆಯುತ್ತದೆ. ಲೇಸಿನ ತುದಿ ಮಾತ್ರ ಚೈನಿಗೆ ಸಿಗದ ಹಾಗೆ ಒಳಗೆ ತುರುಕಿ.

ಹೆಲ್ಮೆಟನ್ನೂ ತಕ್ಷಣ ಬದಲಿಸಬೇಕಿಲ್ಲ. ಮುಂದಿನ ಟೋಪಿ ಕಳಚಿದರೆ ಸಾಕು, ಬಗ್ಗಿ ಕೂತಾಗ ಅದು ಎದುರಿನ ರಸ್ತೆಯನ್ನೇ ಮರೆ ಮಾಡುತ್ತದೆ. ಹೊಸದು ಕೊಳ್ಳುವುದಾದರೆ ಒಳಗಡೆ ಇಎನ್ 1078 (ಯುರೋಪಿನದ್ದು) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಅಂತ ಸುರಕ್ಷತೆಯ ಗುರುತು ಇದೆಯಾ ನೋಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲೆ ಚೆನ್ನಾಗಿ ಕಂಡರೂ ಎಸೆಯಿರಿ, ಒಳಗಿನ ಥರ್ಮೋಕೋಲ್ ಥರದ ಪದರ ಒಂದು ಸಲಕ್ಕೆ ಮಾತ್ರ.

ಜೆರ್ಸಿ ಬೇಡವೇ ಬೇಡ ಅಂತಲ್ಲ. ವೇಗ ಗಂಟೆಗೆ 30 ಕಿ.ಮೀ. ಹತ್ತಿರ ಬಂದಾಗ ನಮ್ಮ ಶಕ್ತಿಯ ದೊಡ್ಡ ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ, ಆ ಗಾಳಿಯನ್ನು ತಡೆಯುವುದು ಸೈಕಲ್ಲಿಗಿಂತ ಜಾಸ್ತಿ ನಮ್ಮ ಮೈ. ಮಳೆಗಾಲದಲ್ಲಿ ಹುಮನಾಬಾದ್ ಕಡೆ ಹೊರಟವರಿಗೆ ಇದನ್ನು ಹೇಳಬೇಕಾಗಿಲ್ಲ, ಗಾಳಿ ನೇರ ಎದೆಗೇ ಬರುತ್ತದೆ. ಆದರೆ ಗಾಳಿ ಕಡಿಮೆ ಮಾಡಲು ಪುಕ್ಕಟೆ ಉಪಾಯ ಮೊಣಕೈ ಮಡಚಿ ಬಗ್ಗುವುದು. ಹೊಟ್ಟೆ ಮುಂದಿಟ್ಟು ನೆಟ್ಟಗೆ ಕೂತು, ಸಾವಿರಾರು ರೂಪಾಯಿ ಜೆರ್ಸಿ ಹಾಕಿ ಏನು ಬಂತು?

ಜೆರ್ಸಿಯ ನಿಜವಾದ ಲಾಭ ಹಿಂದಿನ ಮೂರು ಜೇಬು. ಫೋನು, ಬಾಳೆಹಣ್ಣು, ಒಂದು ಟ್ಯೂಬು ಅದರಲ್ಲಿ ಹೋಗುತ್ತದೆ, ಎಂಟಿಬಿ ಕಾಲದ ಬೆನ್ನಿನ ಬ್ಯಾಗು ಮನೆಯಲ್ಲೇ ಉಳಿಯುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ ಬೆನ್ನಿಗೆ ಬ್ಯಾಗ್ ಅಂದರೆ ಶಿಕ್ಷೆ. ಕೊಳ್ಳುವಾಗ ಸೈಕಲ್ ಮೇಲೆ ಕೂತ ಹಾಗೆ ಬಗ್ಗಿ ನೋಡಿ. ನಿಂತಾಗ ಮುಂದೆ ಗಿಡ್ಡ ಅನಿಸಿದ್ದು ಬಗ್ಗಿದಾಗ ಸರಿ ಇರುತ್ತದೆ. ಪೂರ್ತಿ ಜಿಪ್ ಇರಲಿ. ಕಪ್ಪು ಬೇಡ, ತಿಳಿ ಬಣ್ಣ ತೊಗೊಳ್ಳಿ. ತೋಳಿಗೆ ಬಿಸಿಲು ತಡೆಯುವ ತೆಳು ಸ್ಲೀವ್ಸ್ ಹಾಕಿದರೆ ಸುಡುವುದು ಎಷ್ಟೋ ಕಡಿಮೆ. ಹತ್ತು ಹದಿನೈದು ಕಿ.ಮೀ. ಸುತ್ತುವವರಿಗೆ ಕಾಟನ್ ಟೀ ಶರ್ಟೇ ಸಾಕು. ಅದಕ್ಕಿಂತ ದೂರವಾದರೆ ಅದು ಒದ್ದೆಯಾಗಿ ಜೋತುಬೀಳುತ್ತದೆ, ಆಗ ಪಾಲಿಯೆಸ್ಟರ್ ಬೇಕು.

ಚಳಿಯ ಲೆಕ್ಕ ಬೇರೆ. ರಾಜ್ಯದಲ್ಲಿ ಕಡಿಮೆ ಉಷ್ಣಾಂಶ ದಾಖಲಾದ ಊರುಗಳ ಸುದ್ದಿಯಲ್ಲಿ ಬೀದರ್ ಹೆಸರನ್ನು ಡಿಸೆಂಬರ್, ಜನವರಿಯಲ್ಲಿ ನಿಮ್ಮ ಪತ್ರಿಕೆಯೇ ಹಾಕುತ್ತಿರುತ್ತದೆ. ಹಾಗಂತ ಸ್ವೆಟರ್, ಮಂಕಿ ಕ್ಯಾಪ್ ಹಾಕಿ ಹೊರಟರೆ ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆವರು, ಆಮೇಲೆ ಆ ಬೆವರಿಗೇ ಚಳಿ. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು, ಅದೇ ಸರಿ. ಗಾಳಿ ತಡೆಯುವ ತೆಳು ವಿಂಡ್‌ಚೀಟರ್ ಒಂದು ಸಾಕು, ಬಿಸಿಲೇರಿದ ಮೇಲೆ ಮಡಚಿ ಹಿಂದಿನ ಜೇಬಿಗೆ. ಅದೂ ಇಲ್ಲವೆಂದರೆ ನಿಮ್ಮ ಪತ್ರಿಕೆ ಇದೆಯಲ್ಲ! ತಮಾಷೆಯಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಹಿಂದಿನ ಸವಾರರು ಬೆಟ್ಟದ ತುದಿ ಮುಟ್ಟಿದಾಗ ನೋಡುಗರಿಂದ ದಿನಪತ್ರಿಕೆ ಇಸಿದುಕೊಂಡು, ಜೆರ್ಸಿಯೊಳಗೆ ಎದೆಗೆ ಇಟ್ಟುಕೊಂಡು ಇಳಿಯುತ್ತಿದ್ದರು. ಕಾಗದ ಗಾಳಿ ಒಳಬಿಡುವುದಿಲ್ಲ.

ಈಗ ಕಾಣಿಸಿಕೊಳ್ಳುವ ವಿಷಯ. ಕಾಡು ಹಾದಿಯಲ್ಲಿ ಹಿಂದಿನಿಂದ ಲಾರಿ ಬರುವುದಿಲ್ಲ, ಹಾಗಾಗಿ ಎಂಟಿಬಿಯವರಿಗೆ ಈ ಅಭ್ಯಾಸವೇ ಇರುವುದಿಲ್ಲ. ಹೆದ್ದಾರಿಯಲ್ಲಿ ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಮಿಂಚುವ ಹಳದಿ ಹಸಿರು ಬಣ್ಣ ಹಗಲಿಗೆ ಮಾತ್ರ ಕೆಲಸಕ್ಕೆ ಬರುತ್ತದೆ, ಸೂರ್ಯನ ಅತಿನೇರಳೆ ಕಿರಣ ಇಲ್ಲದಿದ್ದರೆ ಅದು ಮಿಂಚುವುದಿಲ್ಲ. ಕತ್ತಲಿಗೆ ಬೇಕಾದ್ದು ಹೆಡ್‌ಲೈಟ್ ಬೆಳಕನ್ನು ವಾಪಸ್ ಕಳಿಸುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಬೆನ್ನಿಗಿಂತ ಮೊದಲು ಕಣಕಾಲಿಗೆ ಕಟ್ಟಿ. ಮೇಲೆ ಕೆಳಗೆ ಆಡುವ ಎರಡು ಬೆಳಕು ಕಂಡರೆ ಡ್ರೈವರ್‌ಗೆ ಇದು ಕಂಬವಲ್ಲ, ಸೈಕಲ್ ತುಳಿಯುವ ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕಬ್ಬಿನ ಸೀಸನ್ ಶುರುವಾದರೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳದ್ದೇ ರಾಜ್ಯ. ಎಷ್ಟೋ ಟ್ರಾಲಿಗಳಿಗೆ ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅವುಗಳ ಹಿಂದೆ ನಾವು ಹೋಗಿ ಗುದ್ದದಿರಲು ಮುಂದಿನ ದೀಪವೂ ಜೋರಾಗಿಯೇ ಇರಬೇಕು. ಬೆಳಗಿನ ಜಾವಕ್ಕೆ ಬಣ್ಣವಿಲ್ಲದ ಗಾಜಿನ ಕನ್ನಡಕ ಹಾಕಿ, ಹುಳ, ಧೂಳು, ಕಬ್ಬಿನ ರವದಿ ಎಲ್ಲ ಕಣ್ಣಿಗೇ ಬರುತ್ತದೆ.

ಕೊನೆಗೆ ಟೈರಿನ ಗಾಳಿಯ ಸಮಸ್ಯೆ. ಎಂಟಿಬಿ ಟ್ಯೂಬಿನ ವಾಲ್ವ್ ಸಾಮಾನ್ಯವಾಗಿ ಕಾರು, ಬೈಕಿನ ಥರದ್ದೇ, ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ರೋಡ್ ಬೈಕಿನದ್ದು ಸಣ್ಣ ಪ್ರೆಸ್ಟಾ ವಾಲ್ವ್. ಅಂಗಡಿಯವನ ಪೈಪು ಅದಕ್ಕೆ ಕೂರುವುದೇ ಇಲ್ಲ, ಬಲವಂತ ಮಾಡಿದರೆ ಒಳಗಿನ ಕಡ್ಡಿ ಬಗ್ಗುತ್ತದೆ. ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಬಹಳ ಅಗ್ಗ. ಅದು ಜೇಬಿನಲ್ಲಿಲ್ಲದೆ ಊರು ದಾಟಬೇಡಿ. ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟ್ಯೂಬ್, ಟೈರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಪ್ಯಾಚು, ಫ್ರೇಮಿಗೆ ಒಂದು ಚಿಕ್ಕ ಪಂಪು. ಟೈರ್ 25 ಮಿ.ಮೀ. ಅಗಲದ್ದರ ಬದಲು 28 ಅಥವಾ ಫ್ರೇಮ್ ಹಿಡಿದರೆ 32 ಹಾಕಿ, ನಮ್ಮ ರಸ್ತೆಗೆ ಅದೇ ಸರಿ. ಇನ್ನೂ ಸೈಕಲ್ಲೇ ಕೊಂಡಿಲ್ಲದವರಿಗೆ ಒಂದು ಮಾತು: ನಿಮ್ಮ ಎಂಟಿಬಿ 29 ಇಂಚಿನದ್ದಾದರೆ ಅದರ ರಿಮ್ಮೂ ರೋಡ್ ಬೈಕಿನ 700ಸಿ ರಿಮ್ಮೂ ಟೈರ್ ಕೂರುವಲ್ಲಿ ಒಂದೇ ಅಳತೆ, 622 ಮಿ.ಮೀ. ನಿಮ್ಮ ರಿಮ್ಮಿನ ಅಗಲಕ್ಕೆ ಹೊಂದುವ ನುಣುಪು ಟೈರ್ ಹಾಕಿ ಒಂದಷ್ಟು ದಿನ ರಸ್ತೆಯಲ್ಲಿ ಓಡಿಸಿ ನೋಡಿ. ಅದರಲ್ಲೇ ಖುಷಿ ಸಿಕ್ಕರೆ ಹೊಸ ಸೈಕಲ್ ದುಡ್ಡು ಉಳಿಯಿತು.

ಈ ಪತ್ರ ಬರೆಯಲು ಇನ್ನೊಂದು ಕಾರಣ ನಮ್ಮ ಬೀದರ್, ಕಲಬುರಗಿಯ ಸೈಕಲ್ ಅಂಗಡಿಗಳು. ದುಬಾರಿ ರೋಡ್ ಬೈಕನ್ನು ಶೋಕೇಸಿನಲ್ಲಿ ಇಡುತ್ತಾರೆ. ಅದಕ್ಕೆ ಬೇಕಾದ 700 ಸೈಜಿನ ಟ್ಯೂಬು ಕೇಳಿದರೆ 'ಹೈದರಾಬಾದಿನಿಂದ ತರಿಸಬೇಕು' ಅನ್ನುತ್ತಾರೆ. ಪ್ಯಾಡ್ ಶಾರ್ಟ್ಸ್ ಹಾಕಿ ನೋಡಲು ಜಾಗ ಇರುವುದಿಲ್ಲ, ಹೆಣ್ಣುಮಕ್ಕಳ ಸೈಜಂತೂ ಇಲ್ಲವೇ ಇಲ್ಲ. ಮಾಲೀಕರು ನಾಲ್ಕು ಟ್ಯೂಬು, ಒಂದು ಡಬ್ಬಿ ಅಡಾಪ್ಟರ್, ಎರಡು ಮೂರು ಸೈಜಿನ ಶಾರ್ಟ್ಸ್, ಬಟ್ಟೆ ಬದಲಿಸಲು ಒಂದು ಪರದೆ ಇಟ್ಟರೆ ನಾವು ಆನ್‌ಲೈನ್‌ನಲ್ಲಿ ತರಿಸಿ, ಸೈಜು ಸರಿಯಿಲ್ಲ ಅಂತ ವಾಪಸ್ ಕಳಿಸುವುದು ತಪ್ಪುತ್ತದೆ, ಅವರಿಗೂ ವ್ಯಾಪಾರ ಆಗುತ್ತದೆ.

ಒಬ್ಬ ಸೈಕಲ್ ಸವಾರ,
ಬೀದರ್