ಇಸುಬಿನ ಮುಲಾಮು: ಚೀಟಿಯಲ್ಲಿ ಅಳತೆಯೂ ಇರಲಿ

ಮಾನ್ಯ ಸಂಪಾದಕರೇ,

ದೊಡ್ಡವರ ಇಸುಬಿಗೆ, ಅಂದರೆ ಎಕ್ಸಿಮಾಕ್ಕೆ, ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಮುಲಾಮಿನ ಹೆಸರಿರುತ್ತದೆ, ‘ದಿನಕ್ಕೆರಡು ಸಲ ಹಚ್ಚಿ’ ಎಂದಿರುತ್ತದೆ. ಎಷ್ಟು ಹಚ್ಚಬೇಕು, ಎಷ್ಟು ದಿನ, ಮೈಯ ಯಾವ ಭಾಗಕ್ಕೆ ಯಾವುದು ಎಂಬುದು ಬಹಳ ಸಲ ಇರುವುದೇ ಇಲ್ಲ. ವರ್ಷಗಟ್ಟಲೆ ತುರಿಸಿಕೊಂಡು ನರಳುವವರ ಕಷ್ಟಕ್ಕೆ ಈ ಲೋಪವೂ ಒಂದು ಕಾರಣ.

ಅಳತೆ ಕಷ್ಟದ್ದಲ್ಲ. ಟ್ಯೂಬಿನ ಬಾಯಿ 5 ಮಿ.ಮೀ. ಇದ್ದರೆ, ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಇದೇ ಒಂದು ‘ಬೆರಳಳತೆ’. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಅದು ಸಾಕು. ಮಣಿಕಟ್ಟಿನ ಕೆಳಗಿನ ಒಂದು ಕೈಗೆ, ಎರಡೂ ಬದಿ ಸೇರಿ, ಒಂದು ಬೆರಳಳತೆ. ಪಾದವೂ ಸೇರಿದ ಇಡೀ ಕಾಲಿಗೆ ಎಂಟು, ಅಂದರೆ ಒಂದು ಸಲಕ್ಕೆ 4 ಗ್ರಾಂ. 15 ಗ್ರಾಂ ಟ್ಯೂಬು ನಾಲ್ಕು ಸಲಕ್ಕೂ ಸಾಲದು. ಅದನ್ನೇ ಎರಡು ತಿಂಗಳು ಎಳೆದು, ‘ಔಷಧಿ ನಾಟಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು.

ಮುಲಾಮಿಗಿಂತ ಮೊದಲು ಬೇಕಾದದ್ದು ಮಾಯಿಶ್ಚರೈಸರ್. ಮೈತುಂಬ ಇಸುಬಿದ್ದವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಐದು-ಹತ್ತು ನಿಮಿಷ ಸ್ನಾನ ಮಾಡಿ, ಟವೆಲ್ಲನ್ನು ಉಜ್ಜದೆ ಒತ್ತಿ ಒರೆಸಿಕೊಂಡು, ಚರ್ಮ ಇನ್ನೂ ತೇವವಿರುವಾಗ ಸವರಬೇಕು. ಕೂದಲು ಬೆಳೆದ ದಿಕ್ಕಿನಲ್ಲೇ ಸವರಿ. ತಿಕ್ಕಿದರೆ ಕೂದಲ ಬುಡದಲ್ಲಿ ಗುಳ್ಳೆ ಏಳುತ್ತದೆ. ಇಸುಬಿನ ಉರಿಯೂತ ಇಳಿಸುವ ಸ್ಟೆರಾಯ್ಡ್ ಮುಲಾಮನ್ನು ಅರ್ಧ ಗಂಟೆ ಬಿಟ್ಟು ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಅಗ್ಗ, ಪರಿಮಳವಿಲ್ಲದ್ದಾದರೆ ಒಳ್ಳೆಯದೂ ಹೌದು. ಆದರೆ ಅದು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಮುಂದೆ ನಿಲ್ಲುವವರು ಎಚ್ಚರವಾಗಿರಬೇಕು.

ಸ್ಟೆರಾಯ್ಡುಗಳೆಲ್ಲ ಒಂದೇ ಅಲ್ಲ. ಮುಖಕ್ಕೆ ಶೇ 1ರ ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯವಾದದ್ದು ಸಾಕು. ದಪ್ಪಗಾದ ಅಂಗೈಗೆ ಶೇ 0.05ರ ಕ್ಲೊಬೆಟಸಾಲ್‌ನಂಥ ಬಹಳ ಪ್ರಬಲವಾದದ್ದು ಬೇಕಾಗಬಹುದು, ಆದರೆ ಸತತವಾಗಿ ಎರಡು ವಾರ ಮೀರಬಾರದು, ವಾರಕ್ಕೆ 50 ಗ್ರಾಂ ದಾಟಬಾರದು. ಅದನ್ನೇ ಮುಖಕ್ಕೆ, ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಸಂದಿಯಲ್ಲಿ ಬಿದ್ದ ಗೀರುಗಳು ಮತ್ತೆ ಅಳಿಯುವುದಿಲ್ಲ. ಕಣ್ಣಿನ ರೆಪ್ಪೆಗೆ ವೈದ್ಯರು ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಕೊಡುತ್ತಾರೆ. ಮೊದಲ ಕೆಲವು ದಿನ ಉರಿಯುತ್ತದೆ. ಇದನ್ನು ಹೇಳಿ ಕಳಿಸದಿದ್ದರೆ ರೋಗಿ ಎರಡನೇ ದಿನವೇ ನಿಲ್ಲಿಸಿಬಿಡುತ್ತಾರೆ. ಇಸುಬು ಮಾಯವಾದ ಮೇಲೂ, ಪದೇ ಪದೇ ಮರುಕಳಿಸುವ ಜಾಗಕ್ಕೆ ವೈದ್ಯರ ಸಲಹೆಯಂತೆ ವಾರಕ್ಕೆರಡು ದಿನ ಔಷಧಿ ಮುಂದುವರಿಸಬಹುದು.

ನಿಜವಾಗಿ ಹಾನಿ ಮಾಡುತ್ತಿರುವುದು ಸ್ಟೆರಾಯ್ಡು, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಎಲ್ಲವನ್ನೂ ಬೆರೆಸಿದ ಮುಲಾಮುಗಳು. ಇವುಗಳಲ್ಲಿ ಕೆಲವಕ್ಕೆ ಸೇರಿಸುವ ನಿಯೋಮೈಸಿನ್‌ನಿಂದಲೇ ಅಲರ್ಜಿಯಾಗಿ ಇಸುಬು ಉಲ್ಬಣಿಸಬಹುದು. ತುರಿಕೆ ಇಸುಬಿನದಲ್ಲದೆ ಶಿಲೀಂಧ್ರದಿಂದ ಬರುವ ಹುಳುಕಡ್ಡಿಯದಾಗಿದ್ದರಂತೂ ನಾಲ್ಕು ದಿನ ಆರಾಮವೆನಿಸಿ, ಒಳಗೊಳಗೇ ಹಬ್ಬಿ, ಗುರುತೂ ಸಿಗದ ರೂಪದಲ್ಲಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ, ಅಂದರೆ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಿಗಳ ಪಟ್ಟಿಗೆ, ಸೇರಿಸಿತು. ಆದರೂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿದರೆ ಸಿಗುತ್ತಿವೆ. ಔಷಧ ನಿಯಂತ್ರಣ ಅಧಿಕಾರಿಗಳು ಇದನ್ನು ಇನ್ನಾದರೂ ಗಂಭೀರವಾಗಿ ನೋಡಬೇಕು.

ಹಳದಿ ಹಕ್ಕಳೆ ಕಟ್ಟಿ ರಸ ಒಸರಿದರೆ ವೈದ್ಯರನ್ನು ಕಾಣಿ. ನೋಯುವ ಸಣ್ಣ ನೀರುಗುಳ್ಳೆಗಳು ಜ್ವರದೊಂದಿಗೆ ಎದ್ದರೆ ಅಂದೇ ಹೋಗಬೇಕು, ಅದು ಹರ್ಪಿಸ್ ಸೋಂಕಿರಬಹುದು.

ವೈದ್ಯ ಮಿತ್ರರಲ್ಲಿ ಒಂದು ಕೋರಿಕೆ. ಚೀಟಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ‘ಎರಡೂ ಹಸ್ತಕ್ಕೆ ತಲಾ ಒಂದು ಬೆರಳಳತೆ, ರಾತ್ರಿ ಒಂದು ಸಲ, 14 ದಿನ, 15 ಗ್ರಾಂ ಟ್ಯೂಬು ಒಂದು.’

– ಚರ್ಮರೋಗ ವೈದ್ಯೆ, ದಾವಣಗೆರೆ