ಹನ್ನೆರಡು ಅಂಕೆಗಳು ಕೂಡಿಬಂದ ರಾತ್ರಿಗೆ

ಕೋಡ್ ಕೊನೆಗೂ ಮುಗಿಯಿತು. ಬಿಸಿ ಹರಡಿದ ಒಂದು ಪಟ್ಟಿಯ ಇವತ್ತಿನ ತಾಪಮಾನ ನೋಡಿ ಮೊದಲಿನ ತಾಪಮಾನ ಹೇಗಿತ್ತು ಎಂದು ಹೇಳುವ ಈ ಕೆಲಸ ಎಷ್ಟು ಕಾಡಿತೆಂದು ಜೊತೆಗಿದ್ದವರಿಗೆಲ್ಲ ಗೊತ್ತು, ಮತ್ತೆ ಹೇಳುವುದು ಬೇಡ. ಪಟ್ಟಿಯನ್ನು ಸಣ್ಣ ಕೋಶಗಳಾಗಿ ಹಂಚುವ ಗ್ರಿಡ್ ಕಟ್ಟಿಕೊಟ್ಟವರಿಗೆ, ಮಷೀನ್ ಬಿಟ್ಟುಕೊಟ್ಟವರಿಗೆ, ಕರಡು ಓದಿ ತಿದ್ದಿದವರಿಗೆ ಮನಸಾರೆ ಧನ್ಯವಾದ.

ಇನ್ನೊಂದು ಋಣವಿದೆ, ಅದು ದೊಡ್ಡದು. ಉತ್ತರವನ್ನು ಸುತ್ತು ಸುತ್ತಾಗಿ ತಿದ್ದುತ್ತ ಹೋಗುವ ಕಾಂಜುಗೇಟ್ ಗ್ರೇಡಿಯೆಂಟ್ ವಿಧಾನದ ಶೇಷ, ಅಂದರೆ ನಮ್ಮ ಲೆಕ್ಕಕ್ಕೂ ಡೇಟಾಕ್ಕೂ ಇರುವ ಅಂತರ, ನಾಲ್ಕೈದು ಸುತ್ತು ಚೆನ್ನಾಗಿ ಇಳಿದು, ಆಮೇಲೆ ಏರತೊಡಗಿದ ರಾತ್ರಿ ನೀವು ಎದ್ದು ಹೋಗಲಿಲ್ಲ. ನಾವೆಲ್ಲ ನಾಯ್ಸನ್ನೇ, ಅಂದರೆ ಡೇಟಾದಲ್ಲಿ ಬೆರೆತ ಅಡ್ಡಾದಿಡ್ಡಿ ದೋಷವನ್ನೇ, ದೂರುತ್ತಿದ್ದೆವು. ನಾಯ್ಸ್ ತೆಗೆದು ಓಡಿಸಿ ಅಂದಿರಿ. ಆಗಲೂ ಏರಿತು. ಹಾಗಾದರೆ ತಪ್ಪು ಅಡ್ಜಾಯಿಂಟ್‌ನಲ್ಲಿದೆ ಅಂದಿರಿ, ಅಂದರೆ ಆ ಅಂತರವನ್ನು ಹಿಂದಕ್ಕೆ ಒಯ್ದು ಉತ್ತರವನ್ನು ಎತ್ತ ತಿದ್ದಬೇಕೆಂದು ಹೇಳುವ ಜೋಡಿ ಲೆಕ್ಕದಲ್ಲಿ.

ಎರಡು ರ‍್ಯಾಂಡಮ್ ವೆಕ್ಟರ್ (ಸಂಖ್ಯೆಗಳ ಸಾಲು) ತೆಗೆದುಕೊಂಡಿರಿ. ಮೊದಲನೆಯದನ್ನು ಕಾಲದಲ್ಲಿ ಮುಂದಕ್ಕೆ ಓಡಿಸಿ ಎರಡನೆಯದರ ಜೊತೆ ಡಾಟ್ ಪ್ರಾಡಕ್ಟ್, ಅಂದರೆ ಪದಕ್ಕೆ ಪದ ಗುಣಿಸಿ ಒಟ್ಟುಗೂಡಿಸುವುದು. ಎರಡನೆಯದನ್ನು ಅಡ್ಜಾಯಿಂಟ್‌ನಲ್ಲಿ ಓಡಿಸಿ ಮೊದಲನೆಯದರ ಜೊತೆ ಡಾಟ್ ಪ್ರಾಡಕ್ಟ್. ಎರಡೂ ಒಂದೇ ಸಂಖ್ಯೆಯಾಗಬೇಕು. ಮೊದಲ ಎರಡು ಅಂಕೆ ತಾಳೆಯಾದವು, ಮೂರನೆಯದು ಆಗಲಿಲ್ಲ. ಸಮ ಗ್ರಿಡ್‌ನಲ್ಲಿ ಇದೇ ಟೆಸ್ಟ್ ಪಾಸಾಗಿತ್ತಲ್ಲ ಎಂದೆವು. ಮೋಸ ಇರುವುದೇ ಅಲ್ಲಿ ಎಂದು ತೋರಿಸಿದಿರಿ. ಉಷ್ಣ ಸಮೀಕರಣದ ಅಡ್ಜಾಯಿಂಟಿಗೆ ಅದೇ ಸಾಲ್ವರ್ (ಸಮೀಕರಣ ಬಿಡಿಸುವ ಕೋಡ್) ಸಾಕು, ಆದರೆ ಡಾಟ್ ಪ್ರಾಡಕ್ಟ್‌ನ ಪ್ರತಿ ಪದವನ್ನೂ ಆ ಕೋಶದ ಅಗಲದಿಂದ ಗುಣಿಸಬೇಕು. ಎಲ್ಲ ಕೋಶ ಒಂದೇ ಅಗಲವಿದ್ದರೆ ಮರೆತರೂ ತಿಳಿಯುವುದಿಲ್ಲ. ಅಂಚಿನ ಬಳಿ ಗ್ರಿಡ್ ಸಣ್ಣದಾದ ಕೂಡಲೇ ಹುಳುಕು ಹೊರಬೀಳುತ್ತದೆ. ಒಂದೇ ಸಾಲು ಬದಲಿಸಿದೆವು. ಹನ್ನೆರಡು ಅಂಕೆ ತಾಳೆಯಾದವು.

ಅಷ್ಟಕ್ಕೇ ನಮ್ಮನ್ನು ಹಿಗ್ಗಲು ಬಿಡಲಿಲ್ಲ ನೀವು. ಪರೀಕ್ಷೆಯ ಡೇಟಾ ಯಾವ ಗ್ರಿಡ್‌ನಿಂದ ಬಂತು ಎಂದು ಕೇಳಿದಿರಿ. ಬಿಡಿಸುವ ಗ್ರಿಡ್‌ನಿಂದಲೇ ಬಂದಿತ್ತು. ಬಿಡಿಸುವ ಸಾಲ್ವರ್‌ನಿಂದಲೇ ಡೇಟಾ ತಯಾರಿಸಿದರೆ ಉತ್ತರ ಸುಳ್ಳು ಸುಳ್ಳೇ ಚೆನ್ನಾಗಿ ಬರುತ್ತದೆ. ನಾಲ್ಕು ಪಟ್ಟು ಸಣ್ಣ ಕೋಶಗಳ ಗ್ರಿಡ್‌ನಲ್ಲಿ ಡೇಟಾ ಮಾಡಿ ಶೇಕಡಾ 1 ನಾಯ್ಸ್ ಸೇರಿಸಿದಾಗ ಚಿತ್ರ ಮಸುಕಾಯಿತು.

ಆಗ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟಿರಿ. ಪಟ್ಟಿಯ ಉದ್ದ ಪೈ, ವಿಸರಣಾಂಕ (ಬಿಸಿ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) 1, ಕಾಲ 0.1. ಮೊದಲಿನ ತಾಪಮಾನವನ್ನು ಅಲೆಗಳಾಗಿ ಒಡೆದರೆ ಆರನೆಯ ಅಲೆಯಲ್ಲಿ ಉಳಿಯುವುದು 0.027 ಪಾಲು, ಏಳನೆಯದರಲ್ಲಿ 0.0074. ಅಂದರೆ ಏಳನೆಯದು ನಾಯ್ಸ್‌ನ ಕೆಳಗೆ ಹೋಯಿತು. ನಾಯ್ಸ್ ನೂರು ಪಟ್ಟು ಇಳಿಸಿದರೂ ಸಿಗುವುದು ಒಂಬತ್ತನೆಯದರವರೆಗೆ, ಇನ್ನು ಮೂರೇ ಅಲೆ. ಇಪ್ಪತ್ತನೆಯದಂತೂ ಕಂಪ್ಯೂಟರಿನ ಸುಮಾರು ಹದಿನಾರು ಅಂಕೆಗಳ ಡಬಲ್ ಪ್ರಿಸಿಷನ್‌ಗೂ ನಿಲುಕುವುದಿಲ್ಲ.

ಆ ಕಾಗದ ನೋಡಿ ಗಂಟಲು ಕಟ್ಟಿತು. ಮೊದಲಿನ ತಾಪಮಾನದಲ್ಲಿ ತಿಂಗಳುಗಟ್ಟಲೆ ಹುಡುಕಿದ, ಮೇಲಿನ ಅಲೆಗಳಿಲ್ಲದೆ ಮೂಡದ ಆ ಚೂಪು ಅಂಚು ಡೇಟಾದಲ್ಲೇ ಇರಲಿಲ್ಲ. ಎಷ್ಟು ಒಳ್ಳೆಯ ಕೋಡ್ ಬರೆದರೂ ಅದು ಬರುವಂತಿರಲಿಲ್ಲ. ನೀವು ಸುಮ್ಮನೆ ಪಕ್ಕದಲ್ಲಿ ಕೂತಿರಿ, ಸಮಾಧಾನದ ಮಾತು ಆಡಲಿಲ್ಲ. ಅದಕ್ಕೂ ಕೃತಜ್ಞರು.

ಬೆಳಗಾಗುವ ಹೊತ್ತಿಗೆ ನಿಲ್ಲಿಸುವ ನಿಯಮ ಕೂರಿಸಿದೆವು. ಗಣಿತಜ್ಞ ಮೊರೊಜೊವ್ 1966ರಲ್ಲಿ ಹೇಳಿದ ತತ್ವವೇ ಅದರ ಮೂಲ: ಶೇಷ ನಾಯ್ಸ್‌ನ ಮಟ್ಟಕ್ಕೆ ಬಂದೊಡನೆ ನಿಲ್ಲು. ನಾವು ಆ ಮಟ್ಟದ 1.1 ಪಟ್ಟು ಇಟ್ಟುಕೊಂಡೆವು. ಅದಕ್ಕಿಂತ ಮುಂದೆ ಹೋದ ಪ್ರತಿ ಸುತ್ತೂ ನಾಯ್ಸನ್ನೇ ಹಿಗ್ಗಿಸುತ್ತದೆ, ಶೇಷ ಮಾತ್ರ ಇಳಿಯುತ್ತಲೇ ಇದ್ದು ದಾರಿ ತಪ್ಪಿಸುತ್ತದೆ.

ಈಗ ಆ ಡಾಟ್ ಪ್ರಾಡಕ್ಟ್ ಟೆಸ್ಟ್ ಪ್ರತಿ ಬದಲಾವಣೆಗೂ ಮುಂಚೆ ಓಡುತ್ತದೆ, ಅಸಮ ಗ್ರಿಡ್‌ನಲ್ಲೇ. ಅದಕ್ಕೆ ನಿಮ್ಮ ಹೆಸರನ್ನೇ ಇಟ್ಟಿದ್ದೇವೆ.