ಹಳೇ ಡಿಸಿ ಆಫೀಸ್: ಮೊದಲು ಸ್ಟಡಿ ಮಾಡ್ಸಿ, ಆಮೇಲೆ ಬೋರ್ಡ್ ಹಾಕಿ

ಮಾನ್ಯ ಸಂಪಾದಕರೇ,

ಮೈಸೂರಿನ ಜಿಲ್ಲಾಧಿಕಾರಿ ಕಚೇರಿ ಸಿದ್ಧಾರ್ಥನಗರದ ಹೊಸ ಬಿಲ್ಡಿಂಗ್‌ಗೆ ಹೋದ ಮೇಲೆ ಕೃಷ್ಣರಾಜ ಬುಲೆವಾರ್ಡಲ್ಲಿರೋ ಹಳೇ ಕಟ್ಟಡದ ಗತಿ ಏನು ಅಂತ ಯಾರೂ ಸರಿಯಾಗಿ ಹೇಳ್ತಿಲ್ಲ. ಮ್ಯೂಸಿಯಂ ಮಾಡ್ತಾರಂತೆ ಅಂತಾರೆ, ಇಲ್ಲ ಇನ್ಯಾವ್ದೋ ಇಲಾಖೆಗೆ ಕೊಡ್ತಾರಂತೆ ಅಂತಾರೆ, ಬರೀ ಅಂತೆಕಂತೆ. ನಾವು ಸುತ್ತಮುತ್ತಲ ನಿವಾಸಿಗಳು ಕೇಳ್ತಿರೋದು ದೊಡ್ಡದೇನಲ್ಲ. ಈ ಕಟ್ಟಡ ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ ಅಂತ ಮೊದಲು ಒಂದು ಸ್ಟಡಿ ಮಾಡ್ಸಿ, ಆ ರಿಪೋರ್ಟನ್ನ ಜನರ ಮುಂದಿಡಿ, ಬೋರ್ಡ್ ಹಾಕೋದು ಆಮೇಲೆ.

1895ರ ಕಟ್ಟಡ ಇದು. ಮುಂದೆ ನಿಂತಿರೋ ಪ್ರತಿಮೆ ಸರ್ ಜೇಮ್ಸ್ ಗಾರ್ಡನ್ ಅವರದ್ದು, ಚಾಮರಾಜ ಒಡೆಯರ್ ಚಿಕ್ಕವರಿದ್ದಾಗ ಅವರ ಗಾರ್ಡಿಯನ್ ಆಗಿದ್ದೋರು, 1881ರಲ್ಲಿ ಬ್ರಿಟಿಷರಿಂದ ಒಡೆಯರ್‌ಗೆ ಆಡಳಿತ ವಾಪಸ್ ಬಂದ ಮೇಲೆ ಮೊದಲ ರೆಸಿಡೆಂಟ್, ಅಂದ್ರೆ ಇಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ. ಅದೆಲ್ಲ ಇತಿಹಾಸ, ಇರ್ಲಿ. ಆದ್ರೆ ಜಿಲ್ಲೆಯ ಎಷ್ಟೋ ಮನೆಗಳ ಜಮೀನು ಕೇಸು, ಪರಿಹಾರದ ಅರ್ಜಿ, ಧರಣಿ, ಮನವಿ ಪತ್ರ ಎಲ್ಲಾ ಈ ಮೆಟ್ಟಿಲು ಹತ್ತಿ ಇಳಿದಿವೆ, ಹಾಗಾಗಿ ಅಧಿಕಾರಿಗಳೇ ಒಂದು ರೂಮಲ್ಲಿ ಕೂತು ಇದರ ಭವಿಷ್ಯ ಮುಗಿಸಿಬಿಡೋದು ನಮಗೆ ಸರಿ ಕಾಣ್ತಿಲ್ಲ.

ಖಾಲಿ ಬಿಟ್ರೆ ಏನಾಗುತ್ತೆ ಅಂತ ಮೈಸೂರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಲ್ಯಾನ್ಸ್‌ಡೌನ್ ಬಿಲ್ಡಿಂಗ್ 2012ರ ಆಗಸ್ಟಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಹೋದ್ರು, ಅಂಗಡಿಯವ್ರನ್ನೆಲ್ಲ ಖಾಲಿ ಮಾಡ್ಸಿದ್ರು, ಹಳೇ ಪುಸ್ತಕದ ಅಂಗಡಿಗಳೂ ಎದ್ದು ಹೋದ್ವು, ಆಮೇಲೆ ಕೆಡವ್ಬೇಕು ಅನ್ನೋರು ಒಂದು ಕಡೆ ರಿಪೇರಿ ಆಗುತ್ತೆ ಅನ್ನೋ ಪಾರಂಪರಿಕ ಕಟ್ಟಡ ಉಳಿಸೋ ಸಂಸ್ಥೆ ಇಂಟ್ಯಾಕ್‌ನೋರು ಇನ್ನೊಂದು ಕಡೆ, ವರ್ಷಗಟ್ಟಲೆ ವರದಿ ಮೇಲೆ ವರದಿ, ಕೋರ್ಟು, ಅಷ್ಟರಲ್ಲಿ ಮಳೆಗಾಲಗಳೇನು ಕಾಯ್ತಾ ಕೂರ್ಲಿಲ್ಲ. 2016ರಲ್ಲಿ ದೇವರಾಜ ಮಾರ್ಕೆಟ್ದೂ ಒಂದು ಭಾಗ ಬಿತ್ತು. ಗಾರೆ ತಾರಸಿಯ ಹಳೇ ಕಟ್ಟಡಗಳ ಕಷ್ಟ ಏನಂದ್ರೆ, ನೀರು ಹೋಗೋ ದೋಣಿಗೆ ಎಲೆ ಕಸ ಕಟ್ಕೊಂಡ್ರೆ ಸಾಕು, ತಾರಸಿ ಮೇಲೆ ನೀರು ನಿಂತು ಗೋಡೆಗೆ ಇಳಿಯುತ್ತೆ, ಗೋಡೆ ಒಳಗೆ ಹೂತಿರೋ ತೊಲೆಯ ತುದಿ ಅಲ್ಲೇ ಕೊಳೆಯುತ್ತೆ, ಹೊರಗಿಂದ ನೋಡೋರಿಗೆ ಗೊತ್ತೇ ಆಗಲ್ಲ. ಅಷ್ಟರಲ್ಲಿ ಪ್ಯಾರಪೆಟ್ ಸಂದಿಯಲ್ಲಿ ಒಂದು ಅರಳಿ ಸಸಿ ಬೇರೆ. ಜನ ಓಡಾಡೋ ಆಫೀಸಾದ್ರೆ ಸೋರ್ತಿದೆ ಅಂತ ಯಾರಾದ್ರೂ ಕೂಗಾಡ್ತಾರೆ, ಖಾಲಿ ಕಟ್ಟಡದಲ್ಲಿ ಕೂಗೋರು ಯಾರು?

ಇನ್ನು ಹಳೇದನ್ನ ಹೊಸದಕ್ಕೆ ಬಳಸೋದು ನಮ್ಮೂರಿಗೆ ಹೊಸ ವಿದ್ಯೆ ಅಲ್ಲವೇ ಅಲ್ಲ. ಚೆಲುವಾಂಬ ಮ್ಯಾನ್ಷನ್ನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಡೀತಿದೆ. ಲಲಿತಮಹಲ್ ಹೋಟೆಲ್ ಆಯ್ತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ಮ್ಯೂಸಿಯಂ ಇದೆ, ಆದ್ರೆ ಅದೂ ಮತ್ತೆ ರಿಪೇರಿಗೆ ಬಂತಲ್ಲ, ಅದನ್ನೂ ನೋಡ್ಬೇಕು. ಮ್ಯೂಸಿಯಂ ಅಂತ ಟೇಪ್ ಕಟ್ ಮಾಡೋದು ಸುಲಭ, ವರ್ಷವರ್ಷ ಕರೆಂಟ್ ಬಿಲ್ಲು, ಸಿಬ್ಬಂದಿ ಸಂಬಳ, ಸುಣ್ಣಬಣ್ಣ ಯಾರ ಲೆಕ್ಕಕ್ಕೆ? ನಮ್ಮ ಪ್ರಕಾರ ಸ್ಟಡಿಯಲ್ಲಿ ಮುಖ್ಯವಾಗಿ ಬರ್ಬೇಕಾಗಿರೋದೇ ಈ ಪ್ರಶ್ನೆ.

ನಮ್ಮಲ್ಲೇ ಒಮ್ಮತ ಇಲ್ಲ, ಅದನ್ನೂ ಹೇಳಿಬಿಡ್ತೀವಿ. ಕೆಲವರಿಗೆ ಜಿಲ್ಲೆಯ ಹಳೇ ದಾಖಲೆಗಳನ್ನ ನೋಡೋಕೆ ಸಿಗೋ ಹಾಗೆ ಇಡೋ ಆರ್ಕೈವ್ ಬೇಕು, ಕೆಲವರಿಗೆ ಮಹಾರಾಜ, ಯುವರಾಜ ಕಾಲೇಜಿನ ಹುಡುಗ್ರು ಕಾಂಪಿಟೇಟಿವ್ ಎಕ್ಸಾಮ್‌ಗೆ ಓದೋಕೆ ರಾತ್ರಿವರೆಗೆ ತೆರೆದಿರೋ ರೀಡಿಂಗ್ ರೂಮ್ ಬೇಕು, ಎರಡೂ ಆಗ್ಬಹುದೇನೋ, ತಾರಸಿ, ಮಹಡಿ ಎಷ್ಟು ಭಾರ ತಡೆಯುತ್ತೆ ಅಂತ ಗೊತ್ತಾಗದೆ ಸುಮ್ನೆ ಜಗಳ ಆಡಿ ಪ್ರಯೋಜನ ಇಲ್ಲ. ಪುಸ್ತಕದ ರ್‍ಯಾಕು, ಕಡತದ ಬೀರು ಹಗುರ ಅಲ್ಲ ನೋಡಿ.

ದುಡ್ಡಿಲ್ಲ ಅನ್ನೋ ಮಾತು ಇಲ್ಲಿ ಜಾಸ್ತಿ ನಡೆಯಲ್ಲ. ಪುರಾತತ್ವ ಇಲಾಖೆಯ ಕಮಿಷನರ್ ಆಫೀಸ್ ಇರೋದೇ ಮೈಸೂರಲ್ಲಿ, ಸಿವಿಲ್ ಎಂಜಿನಿಯರಿಂಗ್‌ಗೆ ಎನ್‌ಐಇ, ಎಸ್‌ಜೆಸಿಇ ಕಾಲೇಜುಗಳಿವೆ. ಅಳತೆ ತಗೊಂಡು ಡ್ರಾಯಿಂಗ್ ಮಾಡೋದು, ಬಿರುಕು ಗುರುತು ಹಾಕೋದು, ಇಷ್ಟನ್ನ ಮೇಷ್ಟ್ರುಗಳ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ಶುರು ಮಾಡ್ಬಹುದು. 2023ರ ನವೆಂಬರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಹೇಳ್ಕೊಳ್ಳೋಕೆ ಕಾರ್ಪೊರೇಟರೂ ಇಲ್ಲದಂಗಾಯ್ತು, ಅದಕ್ಕೇ ನಿಮ್ಮ ಪತ್ರಿಕೆಗೆ ಬರೀತಿರೋದು. ಜಿಲ್ಲಾಡಳಿತ, ಪಾಲಿಕೆ, ಪಿಡಬ್ಲ್ಯೂಡಿ ಮೂವರೂ ಒಂದು ಸಾರ್ವಜನಿಕ ಸಭೆ ಕರೀಲಿ, ಕನ್ನಡದಲ್ಲಿ ರಿಪೋರ್ಟ್ ಕೊಡ್ಲಿ.

ಸ್ಟಡಿಗೆ ಟೈಮ್ ಹಿಡಿಯುತ್ತೆ, ಒಪ್ತೀವಿ. ಅಲ್ಲೀವರೆಗೆ ರಾತ್ರಿ ಹಗಲು ವಾಚ್‌ಮ್ಯಾನ್ ಇರ್ಲಿ, ಕಿಟಕಿ ಬಾಗಿಲು ಭದ್ರ ಮಾಡ್ಲಿ, ಮುಂದಿನ ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ ದೋಣಿ ಕ್ಲೀನ್ ಮಾಡ್ಸಿ. ಇದಕ್ಕಂತೂ ಯಾವ ಕಮಿಟಿಯೂ ಬೇಕಾಗಿಲ್ಲ.

ಇಂತಿ,
ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಕೆಲವು ನಿವಾಸಿಗಳು, ಮೈಸೂರು